ಮರಳಿ ಬಂದವನ ಮೌನ

2009ರ ಆಗಸ್ಟ್ 6ರಂದು ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ವೆಲ್ಸ್ ಎಂಬ ಪುಟ್ಟ ಊರಿನಲ್ಲಿ ಒಂದು ಶವಯಾತ್ರೆ ನಡೆಯಿತು. ಬೀದಿಯ ಎರಡೂ ಬದಿಯಲ್ಲಿ ಸಾವಿರಾರು ಜನ ನಿಂತಿದ್ದರು. ಶವಪೆಟ್ಟಿಗೆಯ ಮೇಲೆ ಬ್ರಿಟನ್ನಿನ ಧ್ವಜ ಹೊದಿಸಲಾಗಿತ್ತು. ಹೊತ್ತವರು ಬ್ರಿಟಿಷ್ ಸೈನಿಕರು. ಅವರ ಜೊತೆಗೆ ಬೆಲ್ಜಿಯಂ, ಫ್ರಾನ್ಸ್ ಮತ್ತು ಜರ್ಮನಿಯಿಂದ ಬಂದ ತಲಾ ಇಬ್ಬರು ಸೈನಿಕರೂ ಹೆಜ್ಜೆ ಹಾಕಿದರು. ಸೈನಿಕನ ಅಂತ್ಯಸಂಸ್ಕಾರಕ್ಕೆ ಇರಬೇಕಾದ ಒಂದೇ ಒಂದು ವಸ್ತು ಅಲ್ಲಿ ಕಾಣಲಿಲ್ಲ. ಯಾರ ಕೈಯಲ್ಲೂ ಬಂದೂಕಿರಲಿಲ್ಲ, ಸೊಂಟದಲ್ಲಿ ಅಲಂಕಾರದ ಕತ್ತಿಯೂ ಇರಲಿಲ್ಲ. ಆಯುಧ ಬೇಡ ಎಂಬುದು ತೀರಿಕೊಂಡವರ ಇಚ್ಛೆಯಾಗಿತ್ತು.

ತೀರಿಕೊಂಡವರು ಹ್ಯಾರಿ ಪ್ಯಾಚ್. ವಯಸ್ಸು 111. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ನಿಂತು ಕಾದಾಡಿದವರಲ್ಲಿ, ಯಾವ ದೇಶದ ಲೆಕ್ಕ ಹಿಡಿದರೂ, ಕೊನೆಗೆ ಉಳಿದಿದ್ದವರು ಅವರೊಬ್ಬರೇ. ಅವರು ಸೇನಾಪತಿಯಲ್ಲ, ಪರಾಕ್ರಮಕ್ಕಾಗಿ ಪದಕ ಗೆದ್ದವರಲ್ಲ. ಸಾಧಾರಣ ಸಿಪಾಯಿ. ಯುದ್ಧಭೂಮಿಯಲ್ಲಿ ಕಳೆದದ್ದು ಸುಮಾರು ನಾಲ್ಕು ತಿಂಗಳು ಮಾತ್ರ. ಉಳಿದ ಬದುಕೆಲ್ಲ ಪ್ಲಂಬರ್ ಕೆಲಸ, ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ಮನೆ. ಆದರೂ ಅವರ ಬದುಕನ್ನು ಇಂದು ನೆನೆಯಬೇಕಾದ ಕಾರಣ ಆ ನಾಲ್ಕು ತಿಂಗಳಿಗಿಂತ, ಅದರ ನಂತರದ ಎಂಬತ್ತು ವರ್ಷಗಳ ಮೌನದಲ್ಲಿದೆ.

ಒಲ್ಲದ ಸಿಪಾಯಿ

ಹ್ಯಾರಿ ಹುಟ್ಟಿದ್ದು 1898ರ ಜೂನ್ 17ರಂದು, ಬಾತ್ ನಗರದ ಸಮೀಪದ ಕೂಂಬ್ ಡೌನ್ ಎಂಬ ಹಳ್ಳಿಯಲ್ಲಿ. ಅದು ಕಲ್ಲುಗಣಿಗಳ ಊರು. ಬಾತ್ ನಗರದ ಹೊಂಬಣ್ಣದ ಕಟ್ಟಡಗಳಿಗೆ ಕಲ್ಲು ಒದಗಿದ್ದು ಆ ಸುತ್ತಿನ ಗಣಿಗಳಿಂದಲೇ. ತಂದೆ ಕಲ್ಲುಕೆಲಸದ ಮೇಸ್ತ್ರಿ. ಹ್ಯಾರಿ ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟು ಪ್ಲಂಬರ್ ಕೆಲಸ ಕಲಿಯಲು ಸೇರಿದರು. ಮರುವರ್ಷ, 1914ರಲ್ಲಿ, ಯುದ್ಧ ಶುರುವಾಯಿತು.

ಆರಂಭದಲ್ಲಿ ಬ್ರಿಟನ್ನಿನ ಸೈನ್ಯ ಸ್ವಯಂಸೇವಕರದು. ಊರೂರಿನ ಯುವಕರು ಹಾಡಿಕೊಂಡು ಹೊರಟ ಚಿತ್ರ ನಮಗೆ ಪರಿಚಿತ. ಎಲ್ಲರೂ ಹಾಗೆ ಹೊರಟವರಲ್ಲ. ಸತ್ತವರ ಸಂಖ್ಯೆ ಏರುತ್ತ, ಬರುವವರ ಸಂಖ್ಯೆ ಇಳಿಯುತ್ತ ಹೋದಾಗ ಸರ್ಕಾರ 1916ರಲ್ಲಿ ಕಡ್ಡಾಯ ಸೈನಿಕ ಸೇವೆಯ ಕಾನೂನು ತಂದಿತು. ಹ್ಯಾರಿ ಸೈನ್ಯಕ್ಕೆ ಸೇರಿದ್ದು ಆ ಕಾನೂನಿನ ಬಲವಂತದಿಂದ, ಅದೇ ವರ್ಷದ ಅಕ್ಟೋಬರಿನಲ್ಲಿ. ಅವರ ಅಣ್ಣ ಮೊದಲೇ ಸೈನ್ಯದಲ್ಲಿದ್ದು ಮೋನ್ಸ್ ಕಾಳಗದಲ್ಲಿ ಗಾಯಗೊಂಡು ಬಂದಿದ್ದ. ಕಂದಕದ ಬದುಕು ಎಂಥದೆಂದು ಅವನ ಬಾಯಿಂದಲೇ ಕೇಳಿದ್ದ ತಮ್ಮನಿಗೆ ಯುದ್ಧದ ಬಗ್ಗೆ ಯಾವ ಭ್ರಮೆಯೂ ಉಳಿದಿರಲಿಲ್ಲ. ಹೋಗಲು ಮನಸ್ಸಿರಲಿಲ್ಲ, ಹೋಗದೆ ವಿಧಿಯಿರಲಿಲ್ಲ.

ತರಬೇತಿಯ ನಂತರ, 1917ರ ಜೂನ್‌ನಲ್ಲಿ, ಹತ್ತೊಂಬತ್ತು ತುಂಬುವ ಹೊತ್ತಿಗೆ ಅವರು ಫ್ರಾನ್ಸ್ ತಲುಪಿದರು. ಡ್ಯೂಕ್ ಆಫ್ ಕಾರ್ನ್‌ವಾಲ್ಸ್ ಲೈಟ್ ಇನ್‌ಫೆಂಟ್ರಿಯ 7ನೇ ಬೆಟಾಲಿಯನ್ನಿನಲ್ಲಿ ಲೂಯಿಸ್ ಗನ್ ಎಂಬ ಹಗುರ ಮಶಿನ್‌ಗನ್ ನಡೆಸುವ ಐವರ ತಂಡಕ್ಕೆ ಅವರನ್ನು ಹಾಕಲಾಯಿತು. ಒಬ್ಬ ಗುಂಡು ಹಾರಿಸುವವನು. ಹ್ಯಾರಿ ಅವನ ಸಹಾಯಕ. ಉಳಿದ ಮೂವರು ಮದ್ದುಗುಂಡು ಹೊರುವವರು. ಈ ಐವರು ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡಿದ್ದರು. ಸಾಧ್ಯವಾದಮಟ್ಟಿಗೆ ಕೊಲ್ಲಬಾರದು, ಹೊಡೆಯಲೇಬೇಕಾದರೆ ಕಾಲಿಗೆ ಹೊಡೆಯಬೇಕು. ಯಾವ ಸೇನಾಧಿಕಾರಿಯ ಕಡತದಲ್ಲೂ ಇಂಥ ಆಜ್ಞೆ ಇರಲಾರದು. ಅದು ಐವರು ಸಾಮಾನ್ಯ ಹುಡುಗರು ತಾವಾಗಿ ಕಟ್ಟಿಕೊಂಡ ಧರ್ಮ.

ಕೆಸರಿನ ಕದನ

ಅವರು ಕಾದಾಡಿದ ಕದನವನ್ನು ಇತಿಹಾಸ ಪ್ಯಾಷನ್‌ಡೇಲ್ ಎಂದು ಕರೆಯುತ್ತದೆ. ಈಪ್ರ್ ನಗರದ ಸುತ್ತ ನಡೆದ ಮೂರನೆಯ ಮಹಾಕದನವದು. 1917ರ ಜುಲೈ 31ರಿಂದ ನವೆಂಬರ್ 10ರವರೆಗೆ ನಡೆಯಿತು. ಬೆಲ್ಜಿಯಂನ ಆ ಭಾಗ ತಗ್ಗು ಪ್ರದೇಶ, ಜೇಡಿಮಣ್ಣಿನ ನೆಲ. ಮಳೆನೀರು ಇಂಗುವುದಿಲ್ಲ. ತಲೆಮಾರುಗಳಿಂದ ರೈತರು ತೋಡಿಟ್ಟ ಕಾಲುವೆಗಳೇ ನೀರನ್ನು ಹೊರಕ್ಕೆ ಹರಿಸಿ ಹೊಲಗಳನ್ನು ಕಾಪಾಡುತ್ತಿದ್ದವು. ದಾಳಿಗೆ ಮುಂಚೆ ಸುರಿದ ಲಕ್ಷಾಂತರ ಫಿರಂಗಿ ಗುಂಡುಗಳು ಆ ಕಾಲುವೆಗಳನ್ನೇ ಒಡೆದು ಹಾಕಿದವು. ಅದೇ ಹೊತ್ತಿಗೆ ಆಗಸ್ಟ್ ತಿಂಗಳ ಭಾರೀ ಮಳೆ. ನೆಲವೆಂಬುದು ಉಳಿಯಲಿಲ್ಲ. ಗಾಯಗೊಂಡು ಬಿದ್ದವರು, ಹೇಸರಗತ್ತೆಗಳು, ಕುದುರೆಗಳು ಗುಂಡಿಗಳ ಕೆಸರಿನಲ್ಲಿ ಮುಳುಗಿ ಸತ್ತರು. ನೂರು ದಿನಗಳ ಈ ಕದನದಲ್ಲಿ ಬ್ರಿಟಿಷ್ ಸೈನ್ಯ ಮುಂದೆ ಸರಿದದ್ದು ಸುಮಾರು ಎಂಟು ಕಿಲೋಮೀಟರ್. ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು ಸುಮಾರು ಐದು ಲಕ್ಷ ಎಂಬುದು ಸಾಮಾನ್ಯ ಅಂದಾಜು. ಹೀಗೆ ಗೆದ್ದ ನೆಲದ ಬಹುಪಾಲನ್ನು 1918ರ ಏಪ್ರಿಲ್‌ನಲ್ಲಿ ಬಿಟ್ಟುಕೊಡಬೇಕಾಗಿ ಬಂತು.

ಆಗಸ್ಟ್ 16ರಂದು ಹ್ಯಾರಿಯ ಬೆಟಾಲಿಯನ್ ಸ್ಟೀನ್‌ಬೇಕ್ ಎಂಬ ಹಳ್ಳ ದಾಟಿ ಲಾಂಗೆಮಾರ್ಕ್ ಹಳ್ಳಿಯ ಮೇಲೆ ದಾಳಿ ಮಾಡಿತು. ಆ ದಾಳಿಯಲ್ಲಿ ಕಂಡ ಒಂದು ಸಾವು ಕೊನೆಯವರೆಗೂ ಅವರ ಬೆನ್ನು ಬಿಡಲಿಲ್ಲ. ಭುಜದಿಂದ ಸೊಂಟದವರೆಗೆ ಸೀಳಿಹೋಗಿದ್ದ ಒಬ್ಬ ಯುವಕ ತನ್ನನ್ನು ಗುಂಡು ಹಾಕಿ ಕೊಂದುಬಿಡುವಂತೆ ಬೇಡಿಕೊಂಡ. ಇವರು ಕೈಯೆತ್ತುವ ಮೊದಲೇ ಅವನ ಪ್ರಾಣ ಹೋಯಿತು. ಕೊನೆಗೆ ಅವನ ಬಾಯಿಂದ ಬಂದದ್ದು ‘ಅಮ್ಮ’ ಎಂಬ ಒಂದು ಮಾತು. ಅದು ನೋವಿನ ಕೂಗಾಗಿರಲಿಲ್ಲ, ಎದುರಿಗೆ ಯಾರನ್ನೋ ಕಂಡವರ ಸಂತೋಷದ ಧ್ವನಿಯಂತಿತ್ತು ಎಂದು ಹ್ಯಾರಿ ಮುಂದೆ ಹೇಳುತ್ತಿದ್ದರು.

ಇನ್ನೊಂದು ಗಳಿಗೆ ಅವರ ಒಪ್ಪಂದದ ಪರೀಕ್ಷೆಯಾಯಿತು. ಜರ್ಮನ್ ಸೈನಿಕನೊಬ್ಬ ಬಯೊನೆಟ್ ಹಿಡಿದು ಎದುರಿಗೆ ನುಗ್ಗಿ ಬಂದ. ಹ್ಯಾರಿಯ ಕೈಯಲ್ಲಿ ರಿವಾಲ್ವರ್ ಇತ್ತು. ಮೊದಲು ಭುಜಕ್ಕೆ ಹೊಡೆದರು. ಆದರೂ ಅವನು ನಿಲ್ಲಲಿಲ್ಲ. ಎದೆಗೆ ಹೊಡೆಯಬಹುದಿತ್ತು. ಹೊಡೆದದ್ದು ಕಾಲಿಗೆ, ಪಾದದ ಕೀಲಿನ ಮೇಲೊಂದು, ಮಂಡಿಯ ಮೇಲೊಂದು. ಅವನು ಬಿದ್ದ. ಸಾಯಲಿಲ್ಲ.

ಸೆಪ್ಟೆಂಬರ್ 22ರ ರಾತ್ರಿ, ಮುಂಚೂಣಿಯಿಂದ ಹಿಂದಕ್ಕೆ ನಡೆದು ಬರುತ್ತಿದ್ದಾಗ, ತಂಡದ ತಲೆಯ ಮೇಲೆ ಒಂದು ಷೆಲ್ ಸಿಡಿಯಿತು. ಮದ್ದುಗುಂಡು ಹೊರುತ್ತಿದ್ದ ಮೂವರು ಗೆಳೆಯರು ಹೂಳಲು ಕೂಡ ಏನೂ ಉಳಿಯದಂತೆ ಛಿದ್ರವಾದರು. ಹ್ಯಾರಿಯ ತೊಡೆಸಂದಿಗೆ ಲೋಹದ ಚೂರು ಹೊಕ್ಕಿತು. ಅರಿವಳಿಕೆ ಮುಗಿದುಹೋಗಿತ್ತು. ನಾಲ್ವರು ಕೈಕಾಲು ಹಿಡಿದುಕೊಂಡರು, ವೈದ್ಯರು ಚೂರನ್ನು ಕತ್ತರಿಸಿ ತೆಗೆದರು. ಆ ದಿನಕ್ಕೆ ಅವರ ಯುದ್ಧ ಮುಗಿಯಿತು. ಫ್ರಾನ್ಸಿಗೆ ಬಂದಿಳಿದ ಮೇಲಿನ ಆ ನಾಲ್ಕು ತಿಂಗಳಲ್ಲಿ ಒಮ್ಮೆಯೂ ತಮಗೆ ಸ್ನಾನ ಸಿಗಲಿಲ್ಲ ಎಂದು ಅವರು ನೆನಪಿಸಿಕೊಳ್ಳುತ್ತಿದ್ದರು. ಬದುಕಿಡೀ ಜನರ ಮನೆಗೆ ನೀರಿನ ಕೊಳಾಯಿ ಹಾಕಿಕೊಟ್ಟ ಮನುಷ್ಯನ ನೆನಪು ಅದು.

ಮನೆಯ ಮನುಷ್ಯ

ಗಾಯ ಮಾಯುತ್ತಿದ್ದ ಕಾಲದಲ್ಲಿ, 1918ರಲ್ಲಿ, ಸಟನ್ ಕೋಲ್ಡ್‌ಫೀಲ್ಡ್ ಎಂಬಲ್ಲಿ ಅವರಿಗೆ ಏಡಾ ಎಂಬ ಹುಡುಗಿಯ ಪರಿಚಯವಾಯಿತು. ಮರುವರ್ಷವೇ ಮದುವೆ. ಡೆನಿಸ್, ರಾಯ್ ಎಂಬ ಇಬ್ಬರು ಮಕ್ಕಳಾದರು. ಹ್ಯಾರಿ ಕೈಬಿಟ್ಟಿದ್ದ ಕಸುಬಿಗೆ ಮರಳಿದರು. ಬ್ರಿಸ್ಟಲ್ ನಗರದಲ್ಲಿ ಇಂದಿಗೂ ಎತ್ತರವಾಗಿ ಕಾಣುವ, 1925ರಲ್ಲಿ ಉದ್ಘಾಟನೆಯಾದ ವಿಲ್ಸ್ ಸ್ಮಾರಕ ಕಟ್ಟಡದ ಪ್ಲಂಬಿಂಗ್ ಕೆಲಸದಲ್ಲಿ ನಾಲ್ಕು ವರ್ಷ ದುಡಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಸೈನ್ಯಕ್ಕೆ ಸೇರುವ ವಯಸ್ಸು ಮೀರಿತ್ತು; ಬಾತ್ ನಗರದ ಅಗ್ನಿಶಾಮಕ ದಳದಲ್ಲಿ ಬಿಡುವಿನ ವೇಳೆಯ ಸೇವೆಗೆ ನಿಂತರು. 1942ರ ಏಪ್ರಿಲ್‌ನಲ್ಲಿ ಜರ್ಮನ್ ವಿಮಾನಗಳು ಆ ನಗರದ ಮೇಲೆ ಬಾಂಬು ಹಾಕಿ ನಾಲ್ಕುನೂರಕ್ಕೂ ಹೆಚ್ಚು ಜನರನ್ನು ಕೊಂದಾಗ ಬೆಂಕಿ ಆರಿಸಿದವರಲ್ಲಿ ಅವರೂ ಒಬ್ಬರು. ಆಮೇಲೆ ಸ್ಟ್ರೀಟ್ ಎಂಬ ಊರಿನಲ್ಲಿ ಸ್ವಂತ ವ್ಯವಹಾರ ನಡೆಸಿ, ಅರವತ್ತೈದಕ್ಕೆ ನಿವೃತ್ತರಾದರು. 1976ರಲ್ಲಿ ಏಡಾ ತೀರಿಕೊಂಡರು. ಐವತ್ತಾರು ವರ್ಷ ಮೀರಿದ ದಾಂಪತ್ಯ. ಎಂಬತ್ತು ದಾಟಿದ ಮೇಲೆ, 1980ರಲ್ಲಿ, ಜೀನ್ ಎಂಬವರನ್ನು ಮದುವೆಯಾದರು. ಅವರೂ, ಇಬ್ಬರು ಗಂಡುಮಕ್ಕಳೂ ಇವರ ಕಣ್ಣೆದುರಿಗೇ ಹೋದರು.

ಇಷ್ಟು ದೀರ್ಘ ಸಂಸಾರದಲ್ಲಿ ಹ್ಯಾರಿ ಕಟ್ಟಿಕೊಂಡ ಹೆಂಡತಿಯರ ಬಳಿಯೂ ಯುದ್ಧದ ಮಾತೆತ್ತಲಿಲ್ಲ. ಯುದ್ಧದ ಸಿನಿಮಾ ನೋಡುತ್ತಿರಲಿಲ್ಲ. ಹಳೆಯ ಸೈನಿಕರ ಕೂಟಗಳಿಂದ ದೂರವಿದ್ದರು.

ಯಾಕೆ? ಇದು ಒಬ್ಬರ ಸ್ವಭಾವದ ಪ್ರಶ್ನೆಯಷ್ಟೇ ಅಲ್ಲ. ಆ ತಲೆಮಾರಿನ ಅಸಂಖ್ಯ ಗಂಡಸರು ಹೀಗೆಯೇ ಬದುಕಿದರು. ಕಂದಕದಲ್ಲಿ ಕಂಡದ್ದನ್ನು ಊಟದ ಮನೆಯಲ್ಲಿ ಹೇಳುವ ಭಾಷೆ ಅವರ ಬಳಿ ಇರಲಿಲ್ಲ. ಹೇಳಿದರೂ ಕೇಳುವವರಿಗೆ ಅರ್ಥವಾಗುತ್ತದೆಂಬ ನಂಬಿಕೆ ಇರಲಿಲ್ಲ. ಗಂಡಸು ಅಳಬಾರದು, ನೋವು ನುಂಗಿಕೊಂಡು ದುಡಿಯಬೇಕು ಎಂಬುದು ಅಲ್ಲಿಯೂ ಇದ್ದ ರೂಢಿಯೇ. ಆಗಿನ ವೈದ್ಯಕೀಯ ‘ಷೆಲ್ ಷಾಕ್’ ಎಂಬ ಹೆಸರು ಕಟ್ಟಿದ್ದು ತೀರಾ ಕುಸಿದುಬಿದ್ದವರಿಗೆ. ಎದ್ದು ಕೆಲಸಕ್ಕೆ ಹೋಗುತ್ತಿದ್ದವರನ್ನು ಯಾರೂ ರೋಗಿಗಳೆಂದು ಎಣಿಸಲಿಲ್ಲ. ಅವರು ವಾಸಿಯಾದವರ ಪಟ್ಟಿಗೆ ಸೇರಿದರು.

ಇತ್ತ ದೇಶ ತನ್ನದೇ ಸ್ಮರಣೆಯ ವಿಧಿಗಳನ್ನು ರೂಪಿಸಿಕೊಂಡಿತು. ಕದನ ನಿಂತ ದಿನವಾದ ನವೆಂಬರ್ 11ರಂದು ಎರಡು ನಿಮಿಷ ಮೌನ ಆಚರಿಸುವ ಪದ್ಧತಿ 1919ರಲ್ಲಿ ಶುರುವಾಯಿತು. 1920ರಲ್ಲಿ ಲಂಡನ್ನಿನಲ್ಲಿ ಅಜ್ಞಾತ ಸೈನಿಕನ ಸಮಾಧಿಯಾಯಿತು. ಇವೆಲ್ಲ ಲಕ್ಷಾಂತರ ಮನೆಗಳ ದುಃಖಕ್ಕೆ ನೆಲೆ ಕೊಟ್ಟದ್ದು ನಿಜ. ಹ್ಯಾರಿಗೆ ಮಾತ್ರ ಆ ಮೆರವಣಿಗೆ, ಬ್ಯಾಂಡು, ಭಾಷಣಗಳೆಲ್ಲ ಬರಿಯ ಪ್ರದರ್ಶನವಾಗಿ ಕಂಡವು. ಅವರ ಸ್ಮರಣೆಯ ದಿನ ಬೇರೆಯಿತ್ತು: ಮೂವರು ಗೆಳೆಯರು ಹೋದ ಸೆಪ್ಟೆಂಬರ್ 22. ದೇಶ ಎರಡು ನಿಮಿಷ ಸುಮ್ಮನಿತ್ತು, ಅವರು ಎಂಬತ್ತು ವರ್ಷ ಸುಮ್ಮನಿದ್ದರು.

ನೂರರ ನಂತರ ಮಾತು

ಆ ಮೌನ ಮುರಿದದ್ದು 1998ರಲ್ಲಿ, ಅವರಿಗೆ ನೂರು ತುಂಬಿದ ಮೇಲೆ. ಬಿಬಿಸಿಯವರು ಮೊದಲ ಮಹಾಯುದ್ಧದ ಉಳಿದ ಸೈನಿಕರ ಬಗ್ಗೆ ಚಿತ್ರ ಮಾಡಲು ಬಂದರು. ತಮ್ಮಂಥವರು ಇನ್ನು ಬೆರಳೆಣಿಕೆಯಷ್ಟು ಮಾತ್ರ ಎಂಬುದು ಹ್ಯಾರಿಗೆ ಆಗ ಮನದಟ್ಟಾಯಿತು. ತಾನು ಹೇಳದೆ ಹೋದರೆ ಆ ಮೂವರಿಗಾಗಿ ಮಾತಾಡುವವರು ಯಾರು?

ಮಾತಾಡಿದ್ದರಿಂದ ನೆನಪೇನೂ ಹಗುರಾಗಲಿಲ್ಲ. ವೆಲ್ಸ್‌ನ ವೃದ್ಧಾಶ್ರಮದಲ್ಲಿ ಅವರ ಕೋಣೆಯ ಎದುರಿಗೆ ಬಟ್ಟೆಬರೆ ಇಡುವ ಒಂದು ಸಣ್ಣ ಕೋಣೆಯಿತ್ತು. ರಾತ್ರಿ ಅರೆನಿದ್ದೆಯಲ್ಲಿದ್ದಾಗ ದಾದಿ ಅಲ್ಲಿ ದೀಪ ಹಾಕಿದರೆ ಆ ಬೆಳಕು ಅವರ ಕಣ್ಣಿಗೆ ಷೆಲ್ ಸಿಡಿದ ಮಿಂಚಾಗಿ ಕಾಣುತ್ತಿತ್ತು. ಎಂಬತ್ತು ವರ್ಷಗಳ ಸಂಸಾರ, ದುಡಿಮೆ, ನಿದ್ದೆ ಎಲ್ಲವನ್ನೂ ದಾಟಿ 1917 ಒಂದು ಸ್ವಿಚ್ಚಿನ ದೂರದಲ್ಲಿ ಕಾದು ಕೂತಿತ್ತು. ಯುದ್ಧ ಒಂದು ದಿನಾಂಕಕ್ಕೆ ಮುಗಿಯುತ್ತದೆಂಬುದು ಪಠ್ಯಪುಸ್ತಕದ ಮಾತು ಎಂದು ಇದರಿಂದ ತಿಳಿಯುತ್ತದೆ.

2004ರಲ್ಲಿ ಅವರು ಬೆಲ್ಜಿಯಂಗೆ ಹೋಗಿ ಶಾರ್ಲ್ ಕುಂಟ್ಸ್ ಎಂಬವರನ್ನು ಭೇಟಿಯಾದರು. 107 ವರ್ಷದ ಕುಂಟ್ಸ್ ಅದೇ ಪ್ಯಾಷನ್‌ಡೇಲ್‌ನಲ್ಲಿ ಜರ್ಮನ್ ಸೈನ್ಯದಲ್ಲಿದ್ದವರು. ಅವರ ಕಥೆಯೂ ಕೇಳುವಂಥದೇ. ಅವರು ಆಲ್ಸೇಸ್ ಪ್ರಾಂತ್ಯದವರು. ಆ ಪ್ರಾಂತ್ಯ 1871ರಿಂದ 1918ರವರೆಗೆ ಜರ್ಮನಿಯದು, ಆಮೇಲೆ ಫ್ರಾನ್ಸಿನದು, 1940ರಲ್ಲಿ ಮತ್ತೆ ಜರ್ಮನಿಯ ಕೈಗೆ. ತಾವು ಹುಟ್ಟಿದ ನೆಲ ಯಾರದೆಂಬುದು ಬದಲಾದಂತೆಲ್ಲ ಅಲ್ಲಿನ ಜನರ ಸಮವಸ್ತ್ರವೂ ಬದಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಕುಂಟ್ಸ್‌ರ ಮಗನನ್ನು ಜರ್ಮನರು ಸೈನ್ಯಕ್ಕೆ ಎಳೆದೊಯ್ದರು. ಅವನು 1944ರಲ್ಲಿ ನಾರ್ಮಂಡಿಯಲ್ಲಿ ಸತ್ತ. ಇಂಥ ಇಬ್ಬರು ಅಪ್ಪಂದಿರು ಭೇಟಿಯಾದಾಗ ಕುಂಟ್ಸ್ ತಮ್ಮೂರಿನ ಬಿಸ್ಕತ್ತು ತಂದಿದ್ದರು, ಹ್ಯಾರಿ ತಮ್ಮ ಸೀಮೆಯ ಸೇಬಿನ ಮದ್ಯ ಒಯ್ದಿದ್ದರು. ಇಬ್ಬರೂ ಒಂದೇ ತೀರ್ಮಾನಕ್ಕೆ ಬಂದರು: ಆ ಯುದ್ಧ ಒಂದು ಜೀವದ ಬೆಲೆಯೂ ಬಾಳುವಂಥದಲ್ಲ. ಕೆಲವೇ ತಿಂಗಳ ನಂತರ, 2005ರ ಏಪ್ರಿಲ್‌ನಲ್ಲಿ, ಕುಂಟ್ಸ್ ತೀರಿಕೊಂಡರು.

ಕಲ್ಲು ಯಾರಿಗೆ?

ನಮ್ಮ ನಾಡಿನ ಊರಹೊರಗೆ ನಿಂತ ವೀರಗಲ್ಲುಗಳನ್ನು ನೋಡಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಕೈಲಾಸ. ತುರು ಕಾಯಲು, ಊರು ಉಳಿಸಲು ಹೋಗಿ ಮಡಿದವನಿಗೆ ಸಲ್ಲುವ ಗೌರವ ಅದು. ಆ ಮೂರು ಪಟ್ಟಿಕೆಗಳಲ್ಲಿ ಕಾಳಗ ಮುಗಿಸಿ ಮನೆಗೆ ಮರಳಿದವನಿಗೆ ಜಾಗವಿಲ್ಲ. ಅವನು ಹೊಲ ಉತ್ತದ್ದು, ಮಕ್ಕಳನ್ನು ಸಾಕಿದ್ದು, ರಾತ್ರಿ ಬೆಚ್ಚಿ ಎದ್ದದ್ದು ಯಾವ ಕಲ್ಲಿನಲ್ಲೂ ಕಾಣುವುದಿಲ್ಲ. ಯೂರೋಪಿನ ಸ್ಮಾರಕಗಳೂ ಬಹುಮಟ್ಟಿಗೆ ಹೀಗೆಯೇ. ಈಪ್ರ್‌ನಲ್ಲಿ 1927ರಲ್ಲಿ ಉದ್ಘಾಟನೆಯಾದ ಮೆನಿನ್ ದ್ವಾರದ ಮೇಲೆ ದೇಹವೂ ಸಿಗದೆ ಹೋದ ಸುಮಾರು 54 ಸಾವಿರ ಸೈನಿಕರ ಹೆಸರುಗಳಿವೆ. ಅವರಲ್ಲಿ ಭಾರತೀಯರೂ ಇದ್ದಾರೆ.

ಮರಳಿ ಬಂದ ಹ್ಯಾರಿ ಮರಳದವರಿಗಾಗಿ ತಾವೇ ಒಂದು ಕಲ್ಲು ನಿಲ್ಲಿಸಿದರು. 2008ರ ಸೆಪ್ಟೆಂಬರಿನಲ್ಲಿ, 110ನೆಯ ವಯಸ್ಸಿನಲ್ಲಿ, ಗಾಲಿಕುರ್ಚಿಯಲ್ಲಿ ಸ್ಟೀನ್‌ಬೇಕ್ ಹಳ್ಳದ ದಂಡೆಗೆ ಹೋಗಿ, ತಮ್ಮ ಬೆಟಾಲಿಯನ್ ಹಳ್ಳ ದಾಟಿದ ಜಾಗದಲ್ಲಿ ಸ್ವಂತ ಹಣದಿಂದ ಅದನ್ನು ಹಾಕಿಸಿದರು. ಅಷ್ಟು ಹೊತ್ತಿಗೆ ಫ್ರಾನ್ಸ್ ಅವರಿಗೆ ಲೀಜನ್ ಆಫ್ ಆನರ್ ಕೊಟ್ಟಿತ್ತು, ಬ್ರಿಟನ್ನಿನ ಆಸ್ಥಾನಕವಿ ಅವರ ಬಗ್ಗೆ ಕವಿತೆ ಬರೆದಿದ್ದರು. ಆ ಕಲ್ಲಿನ ಮೇಲೆ ಮಾತ್ರ ಅವರು ತಮ್ಮನ್ನು ಗುರುತಿಸಿಕೊಂಡದ್ದು ಒಬ್ಬ ಹಿಂದಿನ ಸಾಮಾನ್ಯ ಸಿಪಾಯಿಯೆಂದು, ಸೈನ್ಯದ ತಮ್ಮ ಸಂಖ್ಯೆಯೊಂದಿಗೆ.

ಒಂದು ತಲೆಮಾರು ಕಣ್ಮರೆಯಾದ ಕಾಲವದು. ಜರ್ಮನಿಯ ಕೊನೆಯ ಯೋಧನೆನ್ನಲಾದ ಎರಿಕ್ ಕೆಸ್ಟ್ನರ್ 2008ರ ಜನವರಿ 1ರಂದು ತೀರಿಕೊಂಡಾಗ ಆ ದೇಶಕ್ಕೆ ತಕ್ಷಣ ಗೊತ್ತೇ ಆಗಲಿಲ್ಲ. ಅಲ್ಲಿ ಹಳೆಯ ಯೋಧರ ಅಧಿಕೃತ ಪಟ್ಟಿಯನ್ನೇ ಇಟ್ಟಿರಲಿಲ್ಲ. ಅದೇ ಮಾರ್ಚ್ 12ರಂದು ತೀರಿಕೊಂಡ ಫ್ರಾನ್ಸಿನ ಲಜಾರ್ ಪೊಂಟಿಚೆಲಿ ಸರ್ಕಾರಿ ಗೌರವದ ಅಂತ್ಯಸಂಸ್ಕಾರವನ್ನು ಮೊದಲು ನಿರಾಕರಿಸಿ, ಸತ್ತವರೆಲ್ಲರ ಹೆಸರಿನಲ್ಲಿ ಸರಳವಾಗಿ ನಡೆಸುವುದಾದರೆ ಆಗಬಹುದು ಎಂದು ಆಮೇಲೆ ಒಪ್ಪಿದ್ದರು. 2009ರ ಜುಲೈ 18ರಂದು ಬ್ರಿಟನ್ನಿನ ಹೆನ್ರಿ ಆಲಿಂಗ್‌ಹ್ಯಾಮ್ ತೀರಿಕೊಂಡರು. ಒಂದು ವಾರಕ್ಕೆ, ಜುಲೈ 25ರಂದು, ಹ್ಯಾರಿ ಪ್ಯಾಚ್. ವೆಲ್ಸ್‌ನ ಪ್ರಾರ್ಥನೆಯ ನಂತರ ಅವರನ್ನು ಹುಟ್ಟೂರಿನ ಪಕ್ಕದ ಮಾಂಕ್ಟನ್ ಕೂಂಬ್‌ನ ಚರ್ಚಿನಂಗಳದಲ್ಲಿ, ತಂದೆತಾಯಿ ಮತ್ತು ಅಣ್ಣನ ಸಮಾಧಿಗಳ ಬಳಿ ಮಣ್ಣುಮಾಡಲಾಯಿತು.

ಕೇಳದೆ ಉಳಿದ ಮಾತು

ಹ್ಯಾರಿಯ ಗೆಳೆಯರು ಸತ್ತ ರಾತ್ರಿಗೆ ಸರಿಯಾಗಿ ಒಂದು ವರ್ಷ ಒಂದು ದಿನದ ಮೇಲೆ, 1918ರ ಸೆಪ್ಟೆಂಬರ್ 23ರಂದು, ಅದೇ ಮಹಾಯುದ್ಧದ ಇನ್ನೊಂದು ರಂಗದಲ್ಲಿ ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳಗಳು ಹೈಫಾ ನಗರವನ್ನು ಹಿಡಿದವು. ಈಟಿ ಹಿಡಿದ ಸವಾರರು ಫಿರಂಗಿ, ಮಶಿನ್‌ಗನ್‌ಗಳ ಎದುರು ನುಗ್ಗಿ ಗೆದ್ದ ಆ ಕಾಳಗ ಇಂದಿಗೂ ಹೆಸರಾಗಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಯೋಧರ ನೆನಪಿನವು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕವಿದೆ.

ಆ ಯುದ್ಧದಲ್ಲಿ ದುಡಿದ ಭಾರತೀಯರು 13 ಲಕ್ಷಕ್ಕೂ ಹೆಚ್ಚು; ಸತ್ತವರು ಸುಮಾರು 74 ಸಾವಿರ. ಅಂದರೆ ಹೆಚ್ಚಿನವರು ಮನೆಗೆ ಮರಳಿದವರೇ. ಮರಳಿ ಬಂದು ಒಕ್ಕಲುತನ ಮಾಡಿದವರು, ಮಗಳ ಮದುವೆಗೆ ಸಾಲ ಮಾಡಿದವರು, ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತವರು. ಅವರ ಮಾತು ನಮಗೆಷ್ಟು ದಕ್ಕಿದೆ? ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳು ಊರಿಗೆ ಬರೆಸಿದ ಕಾಗದಗಳ ಸಾಕಷ್ಟು ಭಾಗಗಳು ಉಳಿದಿವೆ. ಅವು ಉಳಿದದ್ದು ಯಾರೋ ಕೂತು ಕೇಳಿ ಬರೆದುಕೊಂಡದ್ದರಿಂದಲ್ಲ. ಸರ್ಕಾರದ ಪತ್ರಪರೀಕ್ಷಕರು ಅನುಮಾನದಿಂದ ಒಡೆದು ಓದಿ ಇಂಗ್ಲಿಷಿಗೆ ಇಳಿಸಿಟ್ಟದ್ದರಿಂದ. ನೂರು ತುಂಬಿದ ಮೇಲಾದರೂ ಹ್ಯಾರಿಯ ಬಾಗಿಲಿಗೆ ಒಬ್ಬರು ಬಂದು ಕೇಳಿದರು. ನಮ್ಮ ಲ್ಯಾನ್ಸರುಗಳಿಗೆ ಸಿಕ್ಕಿದ್ದು ಕಲ್ಲು.

ಈಗ ಆ ತಲೆಮಾರಿನವರು ಯಾರೂ ಇಲ್ಲ. ಆದರೆ 1971ರ ಯುದ್ಧದಲ್ಲಿ ಇಪ್ಪತ್ತರ ಹುಡುಗರಾಗಿದ್ದವರು ಇಂದು ಎಪ್ಪತ್ತು ದಾಟಿ ನಮ್ಮ ನಡುವೆಯೇ ಇದ್ದಾರೆ. ಕೊಡಗಿನ ತೋಟದ ಮನೆಗಳಲ್ಲಿ, ಬೆಳಗಾವಿಯ ಹಳ್ಳಿಗಳಲ್ಲಿ, ಬೆಂಗಳೂರಿನ ಬಡಾವಣೆಗಳಲ್ಲಿ. ಪಿಂಚಣಿ ತರುತ್ತಾರೆ, ಮೊಮ್ಮಕ್ಕಳನ್ನು ಶಾಲೆಗೆ ಬಿಡುತ್ತಾರೆ, ಆಗಸ್ಟ್ 15ರಂದು ಕರೆದರೆ ಪದಕ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನಾವು ಅವರಿಂದ ಕೇಳಬಯಸುವುದು ಹೆಚ್ಚಾಗಿ ಗೆಲುವಿನ ಕಥೆ. ಅವರೂ ಅದನ್ನೇ ಹೇಳಿ ಸುಮ್ಮನಾಗುತ್ತಾರೆ. ಜೊತೆಗೆ ಹೋಗಿ ಬಾರದೆ ಉಳಿದವನ ಹೆಸರೇನು, ಅವನು ಯಾವ ಊರಿನವನು, ಅವನ ನೆನಪು ಬರುವುದು ಯಾವ ದಿನ ಎಂದು ಕೇಳಿದರೆ ಬಹುಶಃ ಬೇರೆಯೇ ಒಂದು ಮಾತು ಶುರುವಾದೀತು.